ಹಾಸನ, ಚಿಕ್ಕಮಗಳೂರು ಸಂಶೋಧಕರ ಪರಿಚಯ: ಹಳೆಯ ಕೆರೆಗಳ ಅಧ್ಯಯನಕ್ಕೆ ಯಾರು ಜೊತೆಯಾಗುವಿರಿ?

ಇತಿಹಾಸ ಉಪನ್ಯಾಸಕಿ, ಹಾಸನ:
ಎಲ್ಲರಿಗೂ ನಮಸ್ಕಾರ. ಹಾಸನದ ಪದವಿ ಕಾಲೇಜೊಂದರಲ್ಲಿ ಇತಿಹಾಸ ಬೋಧಿಸುತ್ತಿರುವ ನಾನು ಹೊಯ್ಸಳರ ಕಾಲದ ಕೆರೆಗಳ ಕುರಿತು ಸಂಶೋಧನೆ ಕೈಗೊಂಡಿದ್ದೇನೆ. ಬೇಲೂರು, ಹಳೇಬೀಡುಗಳ ದೇವಾಲಯಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಶಿಲ್ಪಗಳತ್ತ ಹೆಚ್ಚಿನ ಗಮನ ಹರಿದಿರುವುದು ಸಂತೋಷದ ವಿಷಯ. ಆದರೆ ಅಂತಹ ದೇವಾಲಯಗಳಿಗೆ ದತ್ತಿಯಾಗಿ ಬಿಟ್ಟ ಗದ್ದೆಗಳಿಗೆ ನೀರುಣಿಸಿದ ಕೆರೆ, ತೂಬು, ಕಾಲುವೆಗಳೂ ಅಷ್ಟೇ ಆಸಕ್ತಿಯಿಂದ ಅಧ್ಯಯನಗೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಕೆರೆ ಕಟ್ಟಿಸಿದವರಿಗೆ ಬಿತ್ತುವಟ್ಟವಾಗಿ, ಅಂದರೆ ಆ ಕೆಲಸಕ್ಕೆ ಪ್ರತಿಯಾಗಿ ಕೊಡುವ ದತ್ತಿಯಾಗಿ, ಭೂಮಿ ಬಿಟ್ಟ ವಿವರಗಳು ಶಾಸನಗಳಲ್ಲಿ ದೊರೆಯುತ್ತವೆ. ಹೀಗೆ ಹೆಸರಿಸಿರುವ ಕೆರೆ ಇಂದಿನ ಯಾವ ಕೆರೆ ಎಂದು ಖಚಿತವಾಗಿ ಗುರುತಿಸುವುದು ಹೇಗೆ? ತಾವೆಲ್ಲರೂ ತಮ್ಮ ವಿಷಯದ ಜೊತೆಗೆ ತಮ್ಮಲ್ಲಿರುವ ಆಕರಗಳನ್ನೂ ತಿಳಿಸಿ ಪರಿಚಯಿಸಿಕೊಂಡರೆ ಒಟ್ಟಾಗಿ ಕೆಲಸ ಮಾಡಲು ದಾರಿಯಾದೀತು.

ಶಾಸನ ಅಧ್ಯಯನಕಾರ, ಕಡೂರು:
ಮೇಡಂ, ನನ್ನ ಆಸಕ್ತಿ ದಾನಶಾಸನಗಳಲ್ಲಿ ಬರುವ ಎಲ್ಲೆಗಳ ವಿವರಣೆ. ದಾನ ಕೊಟ್ಟ ಭೂಮಿಯ ನಾಲ್ಕು ದಿಕ್ಕಿಗೂ ಇರುವ ಹಳ್ಳ, ಬಂಡೆ, ನೆರೆಯ ಊರುಗಳನ್ನು ಹೇಳಿರುವ ಶಾಸನವಾದರೆ, ಅದನ್ನು ಕಂದಾಯ ಇಲಾಖೆಯ ಗ್ರಾಮ ನಕ್ಷೆಯೊಡನೆ ಹೋಲಿಸಿ, ಬಳಿಕ ಸ್ಥಳಕ್ಕೆ ಹೋಗಿ ಕೆರೆಯ ಏರಿಯ ಮೇಲೆ ನಡೆದು ನೋಡುವುದು ನಾನು ನೆಚ್ಚಿರುವ ವಿಧಾನ. ಕಲ್ಲು ಮೂಲ ಜಾಗದಿಂದ ಕದಲಿದೆಯೇ ಎಂಬುದನ್ನು ಮೊದಲೇ ವಿಚಾರಿಸಬೇಕು. ಎಷ್ಟೋ ಶಾಸನಗಳು ದೇವಸ್ಥಾನದ ಅಂಗಳಕ್ಕೆ ಬಂದು ಸೇರಿರುತ್ತವೆ. ಬಿ.ಎಲ್. ರೈಸ್ ಅವರು ಸಂಪಾದಿಸಿದ ಶಾಸನ ಸಂಪುಟಗಳ ಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಹಾಸನ ಜಿಲ್ಲೆಯದು ಐದನೆಯ ಸಂಪುಟ. ಇಂದಿನ ಚಿಕ್ಕಮಗಳೂರು ಜಿಲ್ಲೆಯ ಶಾಸನಗಳನ್ನು ಆರನೆಯದಾದ ಕಡೂರು ಸಂಪುಟದಲ್ಲಿ ಹುಡುಕಬೇಕು, ಏಕೆಂದರೆ ಆಗ ಜಿಲ್ಲೆಯ ಹೆಸರು ಅದೇ ಆಗಿತ್ತು.

ಸಸ್ಯವಿಜ್ಞಾನ ಪ್ರಾಧ್ಯಾಪಕಿ, ಚಿಕ್ಕಮಗಳೂರು:
ನಮಸ್ಕಾರ. ಕಾಫಿ ತೋಟಗಳಲ್ಲಿ ಕಾಡುಮರಗಳ ನೆರಳಿನ ಜಾಗವನ್ನು ಸಿಲ್ವರ್ ಓಕ್ ಆಕ್ರಮಿಸಿದ್ದರ ಪರಿಣಾಮವನ್ನು ನಾನು ಅಧ್ಯಯನ ಮಾಡುತ್ತೇನೆ. ತಮ್ಮ ವಿಷಯಕ್ಕೂ ನನ್ನದಕ್ಕೂ ನಂಟಿದೆ: ಕೆರೆಯ ಹೂಳಿನಲ್ಲಿ ಪದರ ಪದರವಾಗಿ ಉಳಿಯುವ ಪರಾಗಕಣಗಳಿಂದ ಸುತ್ತಲಿನ ಹಳೆಯ ಸಸ್ಯವರ್ಗವನ್ನು ಊಹಿಸಬಹುದು, ಹೂಳಿನಲ್ಲಿ ಸಿಗುವ ಇದ್ದಿಲು ಅಥವಾ ಸಸ್ಯದ ಉಳಿಕೆಗಳಿಂದ ಇಂಗಾಲದ ಕಾಲನಿರ್ಣಯ ಮಾಡಿಸಬಹುದು. ಯಂತ್ರಗಳಿಂದ ಹೂಳೆತ್ತಿದ ಕೆರೆಯಲ್ಲಿ ಈ ಪದರಗಳು ಕಲಕಿ ಹೋಗುವುದರಿಂದ, ಹೂಳೆತ್ತುವ ಮೊದಲೇ ಮಾದರಿ ತೆಗೆಯುವುದು ಅತ್ಯಗತ್ಯ. ದಯವಿಟ್ಟು ಇದನ್ನು ಮುಂದೂಡಬೇಡಿ.

ಜಾನಪದ ಸಂಶೋಧಕ, ಅರಸೀಕೆರೆ:
ತೂಬು ಎತ್ತಿ ನೀರು ಹಂಚುತ್ತಿದ್ದ ನೀರುಗಂಟಿ ಮನೆತನಗಳ ಹಿರಿಯರ ಮಾತುಗಳನ್ನು ಧ್ವನಿಮುದ್ರಿಸಿಕೊಳ್ಳುತ್ತಿದ್ದೇನೆ. ಯಾವ ಗದ್ದೆಗೆ ಯಾವ ತೂಬಿನ ನೀರು ಎಂಬುದು ಅವರಿಗೆ ಬಾಯಿಪಾಠ. ಮೇಡಂ, ತಾವು ಪರಿಶೀಲಿಸುತ್ತಿರುವ ಊರುಗಳ ಪಟ್ಟಿ ಕೊಟ್ಟರೆ, ನನ್ನಲ್ಲಿರುವ ಮುದ್ರಿಕೆಗಳನ್ನು ಅದರೊಡನೆ ಹೊಂದಿಸಿ ನೋಡುತ್ತೇನೆ.