ಸಾಗರದಲ್ಲಿ ಬಿಎ ಓದ್ತಿದೀನಿ, ಇಂಟರ್‌ನ್ಯಾಷನಲ್ ಜರ್ನಲಿಸ್ಟ್ ಆಗ್ಬೇಕು, ಎಲ್ಲಿಂದ ಶುರು ಮಾಡ್ಲಿ?

ಸಾಗರದ_ಹುಡುಗಿ

ಎಲ್ಲರಿಗೂ ನಮಸ್ಕಾರ. ನನಗೆ 19, ಬಿಎ ಎರಡನೇ ವರ್ಷ, ಜರ್ನಲಿಸಂ ಒಂದು ಸಬ್ಜೆಕ್ಟು. ಹೈಸ್ಕೂಲ್ ತನಕ ಕನ್ನಡ ಮೀಡಿಯಂ. ರಾಯಿಟರ್ಸ್, ಎಎಫ್‌ಪಿ ಇಂಥ ವಿದೇಶಿ ಸುದ್ದಿ ಸಂಸ್ಥೆಗಳಲ್ಲಿ ಕೆಲಸ ಮಾಡ್ಬೇಕು, ಬೇರೆ ದೇಶಗಳಿಗೆ ಹೋಗಿ ವರದಿ ಮಾಡ್ಬೇಕು ಅಂತ ಪಿಯುಸಿಯಿಂದ್ಲೂ ತಲೇಲಿದೆ. ಕ್ಲಾಸಲ್ಲಿ ಹೇಳಿದ್ರೆ ನಗ್ತಾರೆ. ಅಪ್ಪ ಬಿಎಡ್ ಮಾಡು ಅಂತಿದಾರೆ. ಇದ್ರ ಮಧ್ಯೆ ಒಬ್ರು ಕನ್ಸಲ್ಟೆನ್ಸಿಯವ್ರು ಡಿಗ್ರಿ ಮುಗೀತಿದ್ದ ಹಾಗೇ ಲಂಡನ್ನೋ ಅಮೆರಿಕಾನೋ ಹೋಗಿ ಮಾಸ್ಟರ್ಸ್ ಮಾಡಿದ್ರೆ ಮಾತ್ರ ಆಗೋದು, ತೋಟದ ಮೇಲೆ ಲೋನ್ ತಗೊಳ್ಳಿ ಅಂದ್ರು, ಅಪ್ಪ ಅಂದಿನಿಂದ ಆ ವಿಷ್ಯ ಎತ್ತಿದ್ರೇ ಎದ್ದು ಹೋಗ್ತಾರೆ. ನಿಜವಾಗ್ಲೂ ಅದೊಂದೇ ದಾರಿನಾ? ಇಂಗ್ಲಿಷ್ ಓದಿದ್ರೆ ಅರ್ಥ ಆಗತ್ತೆ, ಬರೆಯೋಕೆ ಕೂತ್ರೆ ಒಂದು ಪ್ಯಾರಾಗೆ ಅರ್ಧ ಗಂಟೆ ಬೇಕು.

ನೈಟ್‌ಶಿಫ್ಟ್_ಬೆಂಗಳೂರು

ಮೊದ್ಲು ಆ ಕನ್ಸಲ್ಟೆನ್ಸಿ ನಂಬರ್ ಬ್ಲಾಕ್ ಮಾಡಮ್ಮ.

ವಿದೇಶಿ ಏಜೆನ್ಸಿಗೆ ಕೆಲಸ ಮಾಡೋಕೆ ವಿದೇಶಕ್ಕೇ ಹೋಗ್ಬೇಕು ಅಂತಿಲ್ಲ. ರಾಯಿಟರ್ಸ್ 2004ರಲ್ಲೇ ಬೆಂಗಳೂರಲ್ಲಿ ಡೆಸ್ಕ್ ಶುರು ಮಾಡ್ತು, ಅಮೆರಿಕದ ಕಂಪನಿಗಳ ಸುದ್ದಿ ಬರೆಯೋಕೆ ಅಂತಾನೇ. ನಾನಿರೋದೂ ಇಂಥದೇ ಒಂದು ಡೆಸ್ಕಲ್ಲಿ, ಯಾವ್ದು ಅಂತ ಬೇಡ. ನ್ಯೂಯಾರ್ಕ್ ಮಾರ್ಕೆಟ್ ಬೇಸಿಗೇಲಿ ನಮ್ಮ ಟೈಮ್ ರಾತ್ರಿ 1.30ಕ್ಕೆ ಕ್ಲೋಸ್ ಆಗತ್ತೆ, ಚಳಿಗಾಲದಲ್ಲಿ 2.30, ಆಗ್ಲೇ ದೊಡ್ಡ ದೊಡ್ಡ ಕಂಪನಿಗಳು ಲಾಭ-ನಷ್ಟದ ರಿಸಲ್ಟ್ ಬಿಡೋದು. ಬಂದ ತಕ್ಷಣ ಒಂದು ಸಾಲಿನ ಅಲರ್ಟ್ ಹೋಗ್ಬೇಕು, ಆಮೇಲೆ ಎರಡು ಪ್ಯಾರಾ, ಆಮೇಲೆ ಪೂರ್ತಿ ಸ್ಟೋರಿ. ಮಿಲಿಯನ್ ಜಾಗದಲ್ಲಿ ಬಿಲಿಯನ್ ಅಂತ ಹೋಯ್ತೋ, ಕರೆಕ್ಷನ್ ಹೊರಡತ್ತೆ, ಅದನ್ನ ಇಡೀ ಪ್ರಪಂಚ ನೋಡತ್ತೆ. ಸಿನಿಮಾದಲ್ಲಿ ತೋರ್ಸೋ ಜರ್ನಲಿಸಂ ಅಲ್ಲ ಇದು, ಆದ್ರೆ ಸಂಬಳ ತಿಂಗಳಿಗೆ ಸರಿಯಾಗಿ ಬರತ್ತೆ, ಕೈ ಪಳಗತ್ತೆ.

ಇಂಗ್ಲಿಷ್ ಬಗ್ಗೆ ಹೆದರ್ಕೋಬೇಡ. ಇಲ್ಲಿ ಬೇಕಿರೋದು ಅಲಂಕಾರದ ಇಂಗ್ಲಿಷ್ ಅಲ್ಲ, ಯಾರು ಹೇಳಿದ್ರು, ಏನು ಹೇಳಿದ್ರು, ಯಾವಾಗ, ನಿಂಗೆ ಹೇಗೆ ಗೊತ್ತು, ಇಷ್ಟು ಚಿಕ್ಕ ವಾಕ್ಯದಲ್ಲಿ ಬರ್ಬೇಕು ಅಷ್ಟೆ. ದಿನಾ ಕನ್ನಡ ಪೇಪರಿನ ಒಂದು ಸುದ್ದಿ ತಗೊಂಡು 150 ಪದದ ಇಂಗ್ಲಿಷಲ್ಲಿ ಬರಿ, ಅದೇ ಸುದ್ದೀನ ಸುದ್ದಿ ಸಂಸ್ಥೆ ಪಿಟಿಐ ಹೇಗೆ ಕೊಟ್ಟಿದೆ ಅಂತ ಪಕ್ಕದಲ್ಲಿಟ್ಟು ನೋಡು. ಅವರು ಏನೇನು ಬಿಟ್ಟಿದಾರೆ ಅನ್ನೋದ್ರಲ್ಲೇ ಅರ್ಧ ಪಾಠ ಇರತ್ತೆ.

ಸುಮ್ನೆ_ಕೂತೋನು

ಬಿಎಡ್ಡೇ ಮಾಡಮ್ಮ. ಎಐ ಬಂದಿದೆ, ಇನ್ನು ವರದಿಗಾರರು ಯಾರಿಗೆ ಬೇಕು.

ನೈಟ್‌ಶಿಫ್ಟ್_ಬೆಂಗಳೂರು

@ಸುಮ್ನೆ_ಕೂತೋನು ಪ್ರೆಸ್ ರಿಲೀಸ್ ನೋಡಿ ನಾಕು ಸಾಲು ಬರೆಯೋ ಕೆಲಸ ಮೆಷಿನ್‌ಗೆ ಹೋಗ್ತಿರೋದು ಹೌದು, ನಮ್ಮಲ್ಲೇ ಕಾಣ್ತಿದೆ. ಅದಕ್ಕೇ ಡೆಸ್ಕನ್ನೇ ನಂಬ್ಕೊಂಡು ಕೂರ್ಬೇಡ ಅಂತ ನಾನೂ ಹೇಳ್ತೀನಿ. ಊರಿಗೆ ಹೋಗಿ ನಾಕು ಜನರನ್ನ ಮಾತಾಡಿಸ್ಕೊಂಡು ಬರೋ ಕೆಲಸ ಯಾವ ಮೆಷಿನ್ನೂ ಮಾಡಲ್ಲ.

ಹುಬ್ಬಳ್ಳಿ_ಹಳೇ_ಸ್ಟ್ರಿಂಗರ್

ತಂಗಿ, ಭಾಳ ವರ್ಷ ಜಿಲ್ಲಾ ಪೇಪರಿಗೆ ಬರದೀನಿ, ನಡುವ ಹೊರಗಿನ ಟೀವಿ ಮಂದಿಗೆ ಫಿಕ್ಸರ್ ಕೆಲಸಾನೂ ಮಾಡೀನಿ. ಫಿಕ್ಸರ್ ಅಂದ್ರ ಗಾಡಿ ಹಿಡಿಯೋದು, ಮಂದಿ ಹುಡುಕೋದು, ಅವರ ಮಾತು ಇಂಗ್ಲಿಷಿಗೆ ಹೇಳೋದು, ಪೊಲೀಸ್ರು ಬಂದ್ರ ಮುಂದ ನಿಂದ್ರೋದು. ಸವದತ್ತಿ ಕಡೆ ಒಂದು ಟೀಮ್ ಬಂದಿತ್ತು, ಮನಿ ಮನಿ ಅಡ್ಡಾಡಿಸಿ ಹೆಣ್ಣುಮಕ್ಕಳ ಮನಸ್ಸು ಒಲಿಸಿ ಮಾತಾಡಿಸಿಕೊಟ್ಟಾಂವ ನಾನು, ಆಮೇಲೆ ಪ್ರೋಗ್ರಾಂ ನೋಡಿದ್ರ ಡ್ರೈವರ್ ಹೆಸರು ಐತಿ, ನಂದಿಲ್ಲ. ಆದ್ರೂ ಈ ಕೆಲಸ ಬ್ಯಾಡ ಅನ್ನೂದಿಲ್ಲ, ದೊಡ್ಡ ದೊಡ್ಡ ವರದಿಗಾರರು ಪ್ರಶ್ನಿ ಹೆಂಗ ಕೇಳ್ತಾರ, ಒಂದ ಮಾತನ್ನ ಮೂರು ಮಂದಿ ಕಡೆ ಹೆಂಗ ತಾಳೆ ನೋಡ್ತಾರ ಅನ್ನೂದು ಪುಕ್ಕಟೆ ಕಲಿಲಿಕ್ಕೆ ಸಿಗ್ತದ. ದಿನಕ್ಕ ಎಷ್ಟು, ಹೆಸರು ಹಾಕ್ತೀರೋ ಇಲ್ಲೋ, ಇವೆರಡನ್ನೂ ಮೊದಲ ಮೇಲ್‌ನ್ಯಾಗ ಬರೆಸಿಕೊ. ಜರ್ನಲಿಸ್ಟ್ ವೀಸಾದ ಮ್ಯಾಲೆ ಬಂದಾರೋ ಟೂರಿಸ್ಟ್ ಆಗಿ ಬಂದಾರೋ ಅದನ್ನೂ ಕೇಳು, ಏನರೆ ಆತಂದ್ರ ಅವರು ವಿಮಾನ ಹತ್ತತಾರ, ಸ್ಟೇಷನ್ನಿಗೆ ಹೋಗಾಕಿ ನೀನು.

ಅಂದಂಗ ಟಿ.ಜೆ.ಎಸ್. ಜಾರ್ಜ್ ಹೆಸರು ಕೇಳಿರ್ತೀ, ಬೆಂಗಳೂರಾಗ ನೆಲೆಸಿದ್ರಲ್ಲ ಅವರು. 1950ರಾಗ ಮುಂಬೈ ಫ್ರೀ ಪ್ರೆಸ್ ಜರ್ನಲ್‌ನ್ಯಾಗ ಶುರು ಮಾಡಿದ್ರು, ಪಾಟ್ನಾದಾಗ ಎಡಿಟರ್ ಇದ್ದಾಗ ಸರ್ಕಾರದ ವಿರುದ್ಧ ಬರದು ಜೇಲಿಗೆ ಹೋದ್ರು, ಆಮ್ಯಾಲ ಹಾಂಕಾಂಗ್‌ಗೆ ಹೋಗಿ 1975ರಾಗ ಏಷ್ಯಾವೀಕ್ ಅನ್ನೋ ವಾರಪತ್ರಿಕೆ ಕಟ್ಟಿದ್ರು. ಇಲ್ಲೇ ಪಳಗಿ ಆಮ್ಯಾಲೆ ಹೊರಗ ಹೋದವರು ನೋಡು.

ಲಂಡನ್_ಮುಗಿಸ್ಬಂದೆ

ನಾನು ಡಿಗ್ರಿ ಮುಗಿದ ವರ್ಷವೇ ಹೋದವನು, ಹಾಗಾಗಿ ಹೇಳ್ತೀನಿ. ಕೋರ್ಸ್ ಚೆನ್ನಾಗೇ ಇತ್ತು. ಆದ್ರೆ ಕ್ಲಾಸಲ್ಲಿ ಆಮೇಲೆ ಕೆಲಸ ಸಿಕ್ಕಿದ್ದು ಮೊದ್ಲೇ ಎರಡು ಮೂರು ವರ್ಷ ಎಲ್ಲೋ ಕೆಲಸ ಮಾಡ್ಕೊಂಡು ಬಂದಿದ್ದೋರಿಗೆ, ಅವರ ಹತ್ರ ತೋರ್ಸೋಕೆ ಬೈಲೈನ್, ಅಂದ್ರೆ ಅವರ ಹೆಸರಲ್ಲಿ ಅಚ್ಚಾದ ವರದಿ ಇತ್ತು. ಅಮೆರಿಕದಲ್ಲಿ ಕೊಲಂಬಿಯಾ ಥರದ ಕಡೆ ಫೀಸು, ಊಟ, ರೂಮು ಎಲ್ಲಾ ಸೇರಿ ಒಂದು ಲಕ್ಷ ಡಾಲರ್ ದಾಟತ್ತೆ. ಇಂಜಿನಿಯರಿಂಗ್ ಹುಡುಗ್ರಿಗೆ ಓದು ಮುಗಿದ್ಮೇಲೆ ಮೂರು ವರ್ಷ ಕೆಲಸಕ್ಕೆ ಅವಕಾಶ ಇದ್ರೆ ಜರ್ನಲಿಸಂನೋರಿಗೆ ಸಾಮಾನ್ಯವಾಗಿ ಒಂದೇ ವರ್ಷ, ಅಷ್ಟ್ರಲ್ಲಿ ಲೋನ್ ತೀರಲ್ಲ.

ಹೋಗ್ಲೇಬೇಕು ಅಂದ್ರೆ ಎರಾಸ್ಮಸ್ ಮುಂಡುಸ್ ಜರ್ನಲಿಸಂ ನೋಡು, ಮೊದಲ ವರ್ಷ ಡೆನ್ಮಾರ್ಕಿನ ಆರ್‌ಹುಸ್, ಎರಡನೇ ವರ್ಷ ಬೇರೆ ಯೂನಿವರ್ಸಿಟಿ, ಸ್ಕಾಲರ್‌ಶಿಪ್ ಇದೆ, ಪೈಪೋಟಿ ಜೋರಿದೆ. ಅದಕ್ಕೂ ಮೊದ್ಲು ಚೆನ್ನೈನ ಏಷ್ಯನ್ ಕಾಲೇಜ್ ಆಫ್ ಜರ್ನಲಿಸಂ (1994ರಲ್ಲಿ ಶುರುವಾಗಿದ್ದು ನಮ್ಮ ಬೆಂಗಳೂರಲ್ಲೇ, 2000ದಲ್ಲಿ ಅಲ್ಲಿಗೆ ಹೋಯ್ತು), ದೆಹಲಿಯ ಜಾಮಿಯಾ, ಐಐಎಂಸಿ. ಡ್ಯಾನಿಶ್ ಸಿದ್ದೀಕಿ ಓದಿದ್ದು ಜಾಮಿಯಾದಲ್ಲಿ, ಟೀವಿ ವರದಿಗಾರನಾಗಿದ್ದೋರು ಅದನ್ನ ಬಿಟ್ಟು 2010ರಲ್ಲಿ ರಾಯಿಟರ್ಸ್‌ಗೆ ಫೋಟೋ ಇಂಟರ್ನ್ ಆಗಿ ಸೇರಿದ್ರು, 2018ರಲ್ಲಿ ರೋಹಿಂಗ್ಯಾ ಫೋಟೋಗಳಿಗೆ ಅವರ ತಂಡಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. 2021ರಲ್ಲಿ ಅಫ್ಘಾನಿಸ್ತಾನದಲ್ಲಿ ವರದಿ ಮಾಡ್ತಿದ್ದಾಗ್ಲೇ ಕೊಲ್ಲಲ್ಪಟ್ರು, ಅದನ್ನೂ ಗೊತ್ತಿಟ್ಕೊಂಡೇ ಈ ಕಡೆ ಬರ್ಬೇಕು. ಇನ್ನು ಆಕ್ಸ್‌ಫರ್ಡ್‌ನ ರಾಯಿಟರ್ಸ್ ಇನ್‌ಸ್ಟಿಟ್ಯೂಟ್ ಫೆಲೋಶಿಪ್ ಅನುಭವ ಇರೋರಿಗೆ ಮಾತ್ರ, ಈಗ್ಲೇ ತಲೆ ಕೆಡಿಸ್ಕೋಬೇಡ.

ಘಟ್ಟದ_ಫ್ರೀಲ್ಯಾನ್ಸರ್

ಎಲ್ರೂ ವೀಸಾ, ಲೋನು ಅಂತ ಹೊರಟ್ರಿ, ಆ ಹುಡುಗಿ ಯಾವೂರೋಳು ಅಂತ ಒಬ್ರೂ ನೋಡ್ಲಿಲ್ಲ. ಸಾಗರ ಕಣ್ರೀ! ಪಕ್ಕದ ಸೊರಬದ ಕ್ಯಾಸನೂರು ಕಾಡಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದು, ಜನಕ್ಕೆ ಜ್ವರ ಬಂದು, ಸಿಕ್ಕ ವೈರಸ್‌ಗೆ ಆ ಕಾಡಿನ ಹೆಸರೇ ಇಟ್ರು, ಅದ್ರಿಂದ ಬರೋದೇ ಮಂಗನ ಕಾಯಿಲೆ. ಜಗತ್ತಲ್ಲಿ ಎಲ್ಲಿ ವೈರಾಲಜಿ ಓದೋರಿಗೂ ನಿಮ್ಮ ಕಡೆ ಹೆಸರು ಗೊತ್ತು, ಆದ್ರೆ ಅಲ್ಲಿ ಜನ ಹೇಗೆ ಬದುಕ್ತಾರೆ ಅಂತ ಗೊತ್ತಿಲ್ಲ. 2018-19ರಲ್ಲಿ ನಿಮ್ಮ ತಾಲೂಕಿನ ಅರಳಗೋಡು ಸುತ್ತ ಅದೇ ಕಾಯಿಲೆಯಿಂದ ಸಾವಾದಾಗ ನೀನು ಮಿಡ್ಲ್ ಸ್ಕೂಲಲ್ಲಿದ್ದಿರ್ತೀಯ, ನೆನಪಿರ್ಬೇಕು.

"ಮಲೆನಾಡಲ್ಲಿ ಮಂಗನ ಕಾಯಿಲೆ" ಅಂತ ಎಡಿಟರ್‌ಗೆ ಕಳಿಸಿದ್ರೆ ಉತ್ತರಾನೇ ಬರಲ್ಲ, ಅದು ಬರೀ ವಿಷಯ. ಕಾಡಿಗೆ ಹೋಗ್ಬೇಡಿ ಅಂತ ಆರೋಗ್ಯ ಇಲಾಖೆ ಹೇಳೋ ತಿಂಗಳುಗಳಲ್ಲೇ ಕೊಟ್ಟಿಗೆಗೆ, ತೋಟಕ್ಕೆ ದರಕು (ಒಣಗಿ ಬಿದ್ದ ಎಲೆ) ಗುಡಿಸಿ ತರೋ ಕೆಲಸ ಇರೋದು, ಹಂಗಾದ್ರೆ ಹೆಂಗಸರು ಏನ್ ಮಾಡ್ತಾರೆ? ಹಳೇ ಲಸಿಕೆ ನಿಂತಿದೆ, ಹೊಸದರ ಕೆಲಸ ಇನ್ನೂ ನಡೀತಿದೆ, ಈ ನಡುವಿನ ಸೀಸನ್‌ಗಳನ್ನ ಅವರು ಹೇಗೆ ಕಳೀತಾರೆ? ಇದು ಸ್ಟೋರಿ. ಪಿಚ್ ಮೇಲ್ (ಈ ಸ್ಟೋರಿ ಬರೀತೀನಿ ಅಂತ ಎಡಿಟರ್‌ಗೆ ಕಳಿಸೋದು) ಎರಡೇ ಪ್ಯಾರಾ ಇರ್ಲಿ: ಒಂದ್ರಲ್ಲಿ ಏನು ಸ್ಟೋರಿ, ಈಗ್ಲೇ ಯಾಕೆ, ಇನ್ನೊಂದ್ರಲ್ಲಿ ಯಾರ್ಯಾರನ್ನ ಮಾತಾಡಿಸಿದೀಯ, ಫೋಟೋ ಇದ್ಯಾ, ನೀನೇ ಯಾಕೆ ಬರೀಬೇಕು. ಆ ಕೊನೇ ಪ್ರಶ್ನೆಗೆ ದೆಹಲಿಯೋರಿಗಿಂತ ನಿನ್ನ ಹತ್ರ ಒಳ್ಳೆ ಉತ್ತರ ಇದೆ. ಪರಿಸರ ಸುದ್ದಿ ವೆಬ್‌ಸೈಟ್ ಮೊಂಗಾಬೇ ಇಂಡಿಯಾ ಫ್ರೀಲ್ಯಾನ್ಸರ್‌ಗಳಿಂದ ತಗೊಳ್ತಾರೆ, ಅರ್ಥ್ ಜರ್ನಲಿಸಂ ನೆಟ್‌ವರ್ಕ್ ಆಗಾಗ ಸ್ಟೋರಿ ಗ್ರಾಂಟ್ ಕರೀತಾರೆ, ಪತ್ರಕರ್ತ ಸಾಯಿನಾಥ್ ಅವರ ಹಳ್ಳಿ ಸುದ್ದಿಗಳ ವೆಬ್‌ಸೈಟ್ 'ಪರಿ'ಯಲ್ಲಿ ಕನ್ನಡದಲ್ಲೂ ಬರತ್ತೆ.

ಸಾಗರದ_ಹುಡುಗಿ

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಉತ್ತರ ಬರತ್ತೆ ಅಂದ್ಕೊಂಡಿರ್ಲಿಲ್ಲ. ಅರಳಗೋಡು ಕಡೇನೇ ನಮ್ಮ ಅತ್ತೆ ಮನೆ, ಅತ್ತೆ ಈಗ್ಲೂ ದರಕಿಗೆ ಹೋಗ್ತಾರೆ. ಅವ್ರನ್ನೇ ಮಾತಾಡಿಸಿ ಬರೀಬಹುದಾ?

ಘಟ್ಟದ_ಫ್ರೀಲ್ಯಾನ್ಸರ್

ಬೇಡ, ಮನೆಯವರನ್ನ ಸ್ಟೋರಿ ಒಳಗೆ ತರ್ಬೇಡ. ಅತ್ತೆ ಜೊತೆ ಹೋಗು, ಅವರು ಪರಿಚಯ ಮಾಡಿಸ್ಲಿ, ಆದ್ರೆ ಕೋಟ್ ಬೇರೆಯೋರದ್ದು ಇರ್ಲಿ, ಅತ್ತೆ ಪರಿಚಯ ಮಾಡಿಸಿದ್ದು ಅಂತ ಎಡಿಟರ್‌ಗೆ ಮೊದ್ಲೇ ಹೇಳ್ಬಿಡು. ಕಾಯಿಲೆ ವಿಷಯ ಆದ್ರಿಂದ ಹೆಸರು ಹಾಕ್ಲಾ ಅಂತ ಪ್ರತಿಯೊಬ್ಬರನ್ನೂ ಕೇಳು. ಹೋಗೋ ಮುಂಚೆ ಪಿಎಚ್‌ಸಿಯಲ್ಲಿ ಉಣುಗು ಹತ್ತದ ಹಾಗೆ ಹಚ್ಕೊಳ್ಳೋ ಡೇಪಾ ಎಣ್ಣೆ ಇಸ್ಕೊಂಡು ಕೈಕಾಲಿಗೆ ಹಚ್ಕೊ, ಫುಲ್ ತೋಳಿನ ಬಟ್ಟೆ ಹಾಕು, ಬಂದ್ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ ಉಣುಗು ಹತ್ತಿದ್ಯಾ ನೋಡ್ಕೊ, ಕಾಯಿಲೆ ಹರಡೋದೇ ಅದ್ರಿಂದ. ಎಣ್ಣೆ ಸ್ಟಾಕ್ ಇಲ್ಲ ಅಂದ್ರೆ ಅದನ್ನೂ ಡೇಟ್ ಸಮೇತ ಬರ್ಕೊ, ಸ್ಟೋರಿಗೆ ಬೇಕಾಗತ್ತೆ.