ಮುಂಬೈನ್ಯಾಗ ಹಡಗು ಹತ್ತೋಕಿಂತ ಮೊದಲ ಎಲ್ಲಿ ಉಣ್ಣಬೇಕು? ಹೋಗಿ ಬಂದವರು ಹೇಳ್ರಿ

ತೊಗರಿಕಣಜ, ಕಲಬುರಗಿ
ಜನವರಿಯಾಗ ಒಂದು ಸೋಮವಾರ ಮುಂಬೈ–ಗೋವಾ ಕ್ರೂಸ್ ಬುಕ್ ಆಗ್ಯದ. ನಾವಿಬ್ಬರು, ಅಪ್ಪ, ಅವ್ವ, ಒಟ್ಟು ನಾಕು ಮಂದಿ. ಹತ್ತೋದು ಬ್ಯಾಲಾರ್ಡ್ ಪಿಯರ್‌ನ್ಯಾಗ, ಬೋರ್ಡಿಂಗ್ ಮಧ್ಯಾಹ್ನ 3ಕ್ಕ ಬಂದ್. ಹುಸೇನ್‌ಸಾಗರ್ ರೈಲು ಹಿಡಿದು ಅವತ್ತೇ ನಸುಕಿನ್ಯಾಗ ಮುಂಬೈನ ಸಿಎಸ್‌ಎಂಟಿ ಸ್ಟೇಷನ್‌ನ್ಯಾಗ ಇಳಿಯೋ ವಿಚಾರ ಅದ. ಅವ್ವ ಉಳ್ಳಾಗಡ್ಡಿ, ಬಳ್ಳೊಳ್ಳಿ ತಿನ್ನಂಗಿಲ್ಲ, ಮ್ಯಾಲ ಮೊಣಕಾಲು ನೋವು. ಅಪ್ಪಗ ಮೀನ ಬೇಕು. ಭಾಳ ದಿನ ನೆನಪು ಉಳಿಯೋಂಥ ಹೋಟೆಲ್ ಯಾವುದರೆ ಇದ್ರ ಹೇಳ್ರಿ. ಹಡಗಿನ ಬಗ್ಗೆ ಗೊತ್ತಿರಬೇಕಾದ್ದು ಇದ್ರ ಅದನ್ನೂ ಹೇಳ್ರಿ.

ಸ್ಟೇಷನ್ ಬಜಾರ್
ಸೀದಾ ಮಾಟುಂಗಾ ಹೋಗ್ರಿ, ಬ್ಯಾರೆ ವಿಚಾರನೇ ಬ್ಯಾಡ. ಸಿಎಸ್‌ಎಂಟಿಯಾಗ ಸೆಂಟ್ರಲ್ ಲೈನಿನ ಸ್ಲೋ ಲೋಕಲ್ ಹತ್ತಬೇಕು. ಫಾಸ್ಟ್ ಹತ್ತಿದ್ರ ದಾದರ್ ಆದಮ್ಯಾಲ ಮಾಟುಂಗಾಕ್ಕ ನಿಲ್ಲಂಗಿಲ್ಲ, ಕುರ್ಲಾ ಕಡಿ ಒಯ್ದು ಬಿಡ್ತದ. ಪೂರ್ವದ ಬಾಜೂಕ ಇಳೀರಿ. ರಾಮ ಆಶ್ರಯ 1939ರದ್ದು, ನಸುಕಿನ 5ಕ್ಕ ಬಾಗಿಲಾ ತೆಗಿತದ. ಶಿರಾ ದಿನಾ ಒಂದೊಂದು ರುಚಿ, ಇವತ್ತು ಯಾವುದು ಅಂತ ಹಲಗಿ ಮ್ಯಾಲ ಬರ್ದಿರ್ತಾರ. ಅಲ್ಲಿಂದ ನಡೆದು ಹೋಗೋ ದೂರದಾಗ ಕಿಂಗ್ಸ್ ಸರ್ಕಲ್ ಕಡಿ ಕೆಫೆ ಮದ್ರಾಸ್, 1940ರದ್ದು. ರಸಂ ವಡಾ, ಪುಡಿ ಇಡ್ಲಿ, ಫಿಲ್ಟರ್ ಕಾಫಿ ಬಿಟ್ಟು ಬ್ಯಾರೆ ಕಡಿ ಕೈ ಹಾಕಬ್ಯಾಡ್ರಿ. ಮಧ್ಯಾಹ್ನಕ್ಕ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, 1942ರಿಂದ ನಡದದ, ಬಾಳೆಲಿ ಊಟ. ಹನ್ನೆರಡರ ಒಳಗ ಹೋದ್ರ ಸರತಿ ಕಮ್ಮಿ.

ಬೆಳಿಗ್ಗೆ ಲೋಕಲ್ ಅಂದ್ರ ಎಲ್ಲಾರೂ ಅಂಜ್ತಾರ. ಅಂಜೋದು ಬ್ಯಾಡ. ಆ ಹೊತ್ತಿಗಿ ಮಂದಿ ಎಲ್ಲಾ ಸಿಎಸ್‌ಎಂಟಿ ಕಡಿ ಬರ್ತಿರ್ತಾರ, ನೀವು ಅದರ ಉಲ್ಟಾ ಹೋಗೋರು, ಕೂಡಲಿಕ್ಕ ಜಾಗಾ ಸಿಗ್ತದ. ವಾಪಸ್ ಬರೋದು ಮಾತ್ರ ಹನ್ನೊಂದರ ಮ್ಯಾಲ ಇಟ್ಕೋರಿ.

ಶಹಾಬಾದ್ ಕಲ್ಲು
ಹಡಗು ಹತ್ತೋದು ಬ್ಯಾಲಾರ್ಡ್ ಪಿಯರ್‌ನ್ಯಾಗ, ಊಟಕ್ಕ ಮಾಟುಂಗಾ! ಕಲಬುರಗಿ ಸ್ಟೇಷನ್‌ನ್ಯಾಗ ಗಾಡಿ ಹಿಡಿಯೋರಿಗಿ ಶಹಾಬಾದಿಗಿ ಹೋಗಿ ಚಾ ಕುಡದು ಬರ್ರಿ ಅಂದಂಗಾಯ್ತು.

ಬ್ಯಾಲಾರ್ಡ್ ಎಸ್ಟೇಟ್‌ನ್ಯಾಗ ಬ್ರಿಟಾನಿಯಾ ಅದ, ಇರಾನಿ-ಪಾರ್ಸಿ ಹೋಟೆಲ್, 1923ರದ್ದು. ಬಂದರಿಗಿ ನಡೆದೇ ಹೋಗಬಹುದು. ನಾನು ಅಲ್ಲೇ ಉಂಡು ಹತ್ತಿದ್ದು, ಮತ್ತ ಹೋದ್ರೂ ಅಲ್ಲೇ ಉಣ್ಣೋದು. ಬೆರಿ ಪುಲಾವ್ ಅಂದ್ರ ಇರಾನಿನ ಜೆರೆಷ್ಕ್ ಅನ್ನೋ ಸಣ್ಣ ಕೆಂಪು ಹುಳಿ ಹಣ್ಣು ಅನ್ನದ ಮ್ಯಾಲ, ಗೋಡಂಬಿ, ಕರದ ಉಳ್ಳಾಗಡ್ಡಿ, ತೆಳಗ ಮಟನ್. ಒಂದು ಪ್ಲೇಟ್ ಇಬ್ಬರಿಗಿ ಸಾಕು, ನಾಕು ಹೇಳಿ ಬಿಡಬ್ಯಾಡ್ರಿ. ಕಡೀಗಿ ಕ್ಯಾರಮೆಲ್ ಕಸ್ಟರ್ಡ್. ಮಧ್ಯಾಹ್ನದ ಊಟ ಅಷ್ಟೇ, ರಾತ್ರಿ ಇಲ್ಲ. ರವಿವಾರ ಬಂದ್. ಕಿಸೆದಾಗ ನಗದು ಇರಲಿ.

ಇನ್ನ ಕೋಣಿ. ಕಿಟಕಿ ಇಲ್ಲದ ಒಳಗಿಂದೇ ತಗೋರಿ. ಮಲಗಲಿಕ್ಕ, ಸ್ನಾನಕ್ಕ ಬಿಟ್ರ ಕೋಣಿಯಾಗ ಯಾರೂ ಇರಂಗಿಲ್ಲ. ಬಾಲ್ಕನಿ ತಗೊಂಡವರೂ ಡೆಕ್ ಮ್ಯಾಲೇ ಕುಂತಿರ್ತಾರ, ಸುಮ್ಮ ರೊಕ್ಕ ಹಾಳು.

ಜೇವರ್ಗಿ ಅಕ್ಕ
ಒಳಗಿನ ಕೋಣಿ ತಗೋರಿ ಅನ್ನೋರು ತಾಯಿ-ತಂದಿನ್ನ ಕರಕೊಂಡು ಹೋಗಿಲ್ಲ ಅಂತ ಕಾಣ್ತದ. ದೀಪ ಆರಿಸಿದ್ರ ಹಗಲೋ ರಾತ್ರಿಯೋ ತಿಳಿಯಂಗಿಲ್ಲ. ವಯಸ್ಸಾದವರಿಗಿ ಜೀವ ಗಾಬರಿ ಆಗ್ತದ, ತಲಿ ತಿರುಗೋದೂ ಜಾಸ್ತಿ, ಯಾಕಂದ್ರ ಕಣ್ಣಿಗಿ ಹೊರಗಿನ ಗೆರಿ ಕಾಣಂಗಿಲ್ಲ, ಮೈ ಮಾತ್ರ ಅಲ್ಲಾಡ್ತದ. ಕಿಟಕಿ ಇರೋದು ತಗೋರಿ, ಆದ್ರ ಕೋಣಿ ಗಟ್ಟಿ ಮಾಡೋಕಿಂತ ಮೊದಲ ಡೆಕ್ಕಿನ ನಕಾಶೆ ನೋಡ್ರಿ. ಕೆಲವು ಕಿಟಕಿ ಮುಂದ ಲೈಫ್‌ಬೋಟ್ ತೂಗಿರ್ತದ. ರೊಕ್ಕ ಸಮುದ್ರದ್ದು, ನೋಡೋದು ದೋಣಿ ಹೊಟ್ಟಿ.

ನಡುವಿನ ಕೋಣಿ, ತೆಳಗಿನ ಡೆಕ್ ಕೇಳ್ರಿ. ಹಡಗು ಮುಂದ-ಹಿಂದ ಏರಿ ಇಳಿಯೋದು ತುದಿಗಿ ಜಾಸ್ತಿ, ನಡುವ ಕಮ್ಮಿ. ಲಿಫ್ಟ್ ಹತ್ರ ಇದ್ರ ಮೊಣಕಾಲಿಗೂ ಚೊಲೊ. ನಾಕೂ ಮಂದಿ ಒಂದೇ ಕೋಣಿ ಅಂತ ಮಾಡಿದ್ರ ಇಬ್ಬರು ಗ್ವಾಡಿಯಿಂದ ಬಿಚ್ಚೋ ಮ್ಯಾಲಿನ ಬರ್ತ್ ಹತ್ತಬೇಕಾಗ್ತದ, ರೈಲಿನಂಗ. ಅದು ನೀವಿಬ್ಬರೇ.

ವಾಂತಿ ತಡಿಯೋ ಆವೊಮಿನ್ ಗುಳಗಿ ಹಡಗು ಬಿಡೋಕಿಂತ ಒಂದು-ಎರಡು ತಾಸು ಮೊದಲ. ವಾಂತಿ ಶುರು ಆದಮ್ಯಾಲ ನುಂಗಿದ್ರ ಹೊಟ್ಟ್ಯಾಗ ನಿಲ್ಲಂಗಿಲ್ಲ. ನಿದ್ದಿ ಭಾಳ ಬರ್ತದ. ನಿಮ್ಮ ಅಪ್ಪಗ ಪ್ರೋಸ್ಟೇಟ್ ತ್ರಾಸು ಅಥವಾ ಕಣ್ಣಿನ ಗ್ಲಾಕೋಮಾ ಇದ್ರ ಡಾಕ್ಟರ್‌ನ ಕೇಳದೆ ಕೊಡಬ್ಯಾಡ್ರಿ, ಮೂತ್ರ ಕಟ್ತದ. ಬರೀ ಹೊಟ್ಟಿಯಿಂದ ಹತ್ತೋದು ತಪ್ಪು, ಬೆರಿ ಪುಲಾವ್ ಗಂಟಲಮಟ ತಿಂದು ಹತ್ತೋದು ಅದಕ್ಕಿಂತ ತಪ್ಪು.

ಶಹಾಬಾದ್ ಕಲ್ಲು
ಅಕ್ಕೋರ, ಜನವರಿಯಾಗ ಸಮುದ್ರ ಶಾಂತ ಇರ್ತದ. ಜೂನ್‌ದಿಂದ ಸೆಪ್ಟೆಂಬರ್ ಮಳೆಗಾಲದ ಮಾತು ತಂದು ಇಲ್ಲಿ ಯಾಕ ಹೆದರಸ್ತೀರಿ? ಬೆರಿ ಪುಲಾವ್ ಮ್ಯಾಲ ಸಿಟ್ಟು ಯಾಕೋ ತಿಳೀಲಿಲ್ಲ.

ಯಾದಗಿರಿ ಕೋಟೆ
ಪ್ರಶ್ನೆಯನ್ನು ಯಾರೂ ಓದಿದಂತಿಲ್ಲ. ಹಡಗು ಹೊರಡುವುದು ಸೋಮವಾರ. ಕೆಫೆ ಮದ್ರಾಸ್‌ಗೂ ರಾಮ ನಾಯಕರ ಬೋರ್ಡಿಂಗ್‌ಗೂ ಸೋಮವಾರವೇ ರಜೆ. ಜೊತೆಗೆ ರಾಮ ನಾಯಕರದು ಮಾರುಕಟ್ಟೆ ಕಟ್ಟಡದ ಮೊದಲ ಮಹಡಿ, ಮೊಣಕಾಲು ನೋವಿನವರು ಮೆಟ್ಟಿಲು ಹತ್ತಬೇಕು. ಬ್ರಿಟಾನಿಯಾದ ಪುಲಾವ್ ಮೇಲೆ ಕರಿದ ಈರುಳ್ಳಿ ಹರಡಿರುತ್ತದೆಂದು ಹೇಳಿದವರೇ ಅದನ್ನು ಈರುಳ್ಳಿ ತಿನ್ನದ ತಾಯಿಗೂ ಸೇರಿಸಿ ಸೂಚಿಸಿದ್ದಾರೆ.

ಮುಂಬೈಯಲ್ಲಿ ‘ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ’ ಎಂದು ವಿವರಿಸುತ್ತ ನಿಲ್ಲಬೇಡಿ, ‘ಜೈನ್’ ಎಂದರೆ ಸಾಕು. ಆಗ ಆಲೂಗಡ್ಡೆಯೂ ಹೋಗುತ್ತದೆ, ಮಸಾಲೆ ದೋಸೆಯ ಪಲ್ಯಕ್ಕೆ ಬಾಳೆಕಾಯಿ ಬಂದರೆ ಗಾಬರಿಯಾಗಬೇಡಿ. ಹಡಗಿನಲ್ಲೂ ಜೈನ್ ಊಟ ಸಿಗುತ್ತದೆ, ಆದರೆ ಬುಕಿಂಗ್ ಸಮಯದಲ್ಲೇ ಬರೆಸಿರಬೇಕು. ಹತ್ತಿದ ಮೇಲೆ ಕೇಳಿದರೆ ಮೊದಲ ರಾತ್ರಿ ಮೊಸರನ್ನವೇ ಗತಿ.

ನಿಮ್ಮ ತಂದೆಯವರಿಗೆ ಫೋರ್ಟ್ ಬಡಾವಣೆಯ ಮಹೇಶ್ ಲಂಚ್ ಹೋಮ್ ಸರಿಹೋಗುತ್ತದೆ. ಮಂಗಳೂರು ಗಸಿ, ನೀರುದೋಸೆ, ಬಂಗಡೆ. ಪಾಂಪ್ಲೆಟ್, ಏಡಿಗಳ ದರ ಗಾತ್ರದ ಮೇಲೆ. ಮೀನನ್ನು ತೋರಿಸಿ ದರ ಹೇಳಿಸಿಕೊಂಡ ಮೇಲೆ ಆರ್ಡರ್ ಕೊಡಿ, ಬಿಲ್ಲು ಬಂದ ಮೇಲೆ ಜಗಳಾಡಿದರೆ ಉಪಯೋಗವಿಲ್ಲ.

ಸ್ಟೇಷನ್ ಬಜಾರ್
ಸೋಮವಾರ ರಜಾ ಇದ್ರ ರವಿವಾರ ಹೋಗಬೇಕು, ಅದರಾಗ ಏನದ? ಒಂದು ದಿನ ಮೊದಲ ಹೋಗೋದೇ ಶಾಣೇತನ. ನಸುಕಿನ್ಯಾಗ ಇಳಿದು ಅದೇ ದಿನ ಹಡಗು ಹತ್ತೋದು ಜೂಜು. ಕರ್ಜತ್ ಘಾಟಿನ್ಯಾಗ ಏನರೆ ಆದ್ರ ಗಾಡಿ ಲೋಣಾವಳಾದಾಗೇ ನಿಂತಿರ್ತದ.

ಯಾದಗಿರಿ ಕೋಟೆ
ಭಾನುವಾರ ಸೆಂಟ್ರಲ್ ಲೈನಿನಲ್ಲಿ ಮೆಗಾ ಬ್ಲಾಕ್ ಇರುತ್ತದೆ, ಬಹಳ ಸಲ ಮಾಟುಂಗಾದಿಂದ ಮುಲುಂಡ್ ನಡುವೆಯೇ. ಹಳಿ ದುರಸ್ತಿಯ ಹೊತ್ತಿಗೆ ಸ್ಲೋ ಗಾಡಿಗಳನ್ನು ಫಾಸ್ಟ್ ಹಳಿಗೆ ತಿರುಗಿಸುತ್ತಾರೆ. ಹಿಂದಿನ ದಿನದ ಪ್ರಕಟಣೆ ನೋಡದೆ ‘ಸ್ಲೋ ಹತ್ತಿ’ ಎನ್ನುವುದು ಅರ್ಧ ಸಲಹೆ.

ಭಾಲ್ಕಿ ಕಾಕಾ
ನಮ್ಮ ಬೀದರದಿಂದ ಲಾತೂರ ಮ್ಯಾಲ ಸೀದಾ ಸಿಎಸ್‌ಎಂಟಿಗಿ ಗಾಡಿ ಅದ, ಆದ್ರ ದಿನಾ ಇಲ್ಲ. ಕಲಬುರಗಿಯವರಿಗಿ ಹುಸೇನ್‌ಸಾಗರ್ ಅದ, ಉದ್ಯಾನ್ ಅದ, ಕೋಣಾರ್ಕ್ ಅದ, ಆದ್ರೂ ಅಳ್ತಾರ.

ಹೋಟೆಲ್ ಮಾತು ಸಾಕು, ರೊಕ್ಕದ ಮಾತು ಕೇಳ್ರಿ. ನಮಗ ಒಬ್ಬ ಏಜೆಂಟ್ ಹೇಳಿದ್ದು ಒಂದು, ಕಟ್ಟಿಸಿಕೊಂಡಿದ್ದು ಇನ್ನೊಂದು. ಜಾಹೀರಾತಿನ ದರ ಅಂದ್ರ ಬರೇ ಕೋಣಿ ದರ, ಅದೂ ಒಂದು ಕೋಣಿಗಿ ಇಬ್ಬರು ಅಂತ ಹಿಡಿದು ತಲಿಗಿ. ಅದರ ಮ್ಯಾಲ ಬಂದರು ಶುಲ್ಕ, ಅದರ ಮ್ಯಾಲ ಜಿಎಸ್‌ಟಿ, ಅದರ ಮ್ಯಾಲ ಸೇವಾ ಶುಲ್ಕ. ಸೇವಾ ಶುಲ್ಕ ತಲಿಗಿ, ರಾತ್ರಿಗಿ: ನಾಕು ಮಂದಿ, ಎರಡು ರಾತ್ರಿ ಇದ್ರ ಎಂಟು ಪಟ್ಟು. ಮೂರನೇ, ನಾಕನೇ ಮನುಷ್ಯಾಗ ಕೋಣಿ ದರ ಕಮ್ಮಿ, ಆದ್ರ ಬಂದರು ಶುಲ್ಕ ಕಮ್ಮಿ ಇಲ್ಲ. ಒಬ್ಬರೇ ಹೋದ್ರ ಹೆಚ್ಚೂಕಮ್ಮಿ ಇಬ್ಬರ ದರ. ಏಜೆಂಟಿಗಿ ಒಂದೇ ಮಾತು ಕೇಳ್ರಿ: ‘ಎಲ್ಲಾ ಸೇರಿ ಕಡೇ ಅಂಕಿ ಎಷ್ಟು, ಬರ್ದು ಕೊಡು.’

ಹತ್ತಿದಮ್ಯಾಲ ನಗದು ನಡಿಯಂಗಿಲ್ಲ, ಕೋಣಿ ಕಾರ್ಡ್ ಮ್ಯಾಲೇ ಎಲ್ಲಾ ಖರ್ಚು. ಅದಕ್ಕ ನಿಮ್ಮ ಬ್ಯಾಂಕ್ ಕಾರ್ಡ್ ಕೊಟ್ರ ಒಂದು ಮೊತ್ತ ಹಿಡಿದು ಇಡ್ತಾರ. ಕ್ರೆಡಿಟ್ ಕಾರ್ಡ್ ಕೊಡ್ರಿ. ಡೆಬಿಟ್ ಕೊಟ್ರ ಖರೇ ರೊಕ್ಕ ಸಿಕ್ಕೊಂಡು ಕುಂದರ್ತದ, ಬಿಡಿಸಲಿಕ್ಕ ದಿನಗಟ್ಲೆ ಬೇಕು. ಬಫೆ ಊಟ ದರದಾಗ ಬರ್ತದ, ಸ್ಪೆಷಲ್ ರೆಸ್ಟೋರೆಂಟ್, ವೈಫೈ, ಬಾಟಲಿ ತಂಪು ಎಲ್ಲಾ ಬ್ಯಾರೆ. ಫೋನ್ ಫ್ಲೈಟ್ ಮೋಡಿಗಿ ಹಾಕ್ರಿ. ದಂಡಿ ಬಿಟ್ಟಮ್ಯಾಲ ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ತಾನೇ ಹಿಡ್ಕೊಂಡ್ರ ರೋಮಿಂಗ್ ಬಿಲ್ ಊರಿಗಿ ಬಂದಮ್ಯಾಲ ಬರ್ತದ.

ಇಷ್ಟೆಲ್ಲಾ ಕೊಟ್ಟು ಗೋವಾ ಯಾಕ? ಸಿಂಗಪುರಕ್ಕ ಹೋಗ್ರಿ. ಸೆರಂಗೂನ್ ರೋಡಿನ್ಯಾಗ ಕೋಮಲ ವಿಲಾಸ, 1947ರದ್ದು, ಅಪ್ಪಟ ಶಾಕಾಹಾರಿ. ಮೆಟ್ರೋದಾಗ ಮರೀನಾ ಸೌತ್ ಪಿಯರ್ ಇಳಿದ್ರ ಕ್ರೂಸ್ ಸೆಂಟರ್ ಅಲ್ಲೇ ಹತ್ರ.

ಶಹಾಬಾದ್ ಕಲ್ಲು
ಬುಕ್ ಆಗಿರೋ ಮನುಷ್ಯಾಗ ಸಿಂಗಪುರ ಹೇಳ್ತೀರಲ್ಲ ಕಾಕಾ. ಪಾಸ್‌ಪೋರ್ಟ್ ಆರು ತಿಂಗಳು ಚಾಲ್ತಿ ಇರಬೇಕು, ವೀಸಾ ಬೇಕು, ಅದೂ ಹಡಗು ಹೊರಗ ಹೋಗಿ ಮತ್ತ ಸಿಂಗಪುರಕ್ಕೇ ಬರೋದ್ರಿಂದ ಒಂದೇ ಪ್ರವೇಶದ್ದು ನಡಿಯಂಗಿಲ್ಲ. ಗೋವಾಕ್ಕ ಆಧಾರ್ ಸಾಕು. ಅಸಲಿ ಆಧಾರ್, ಜೆರಾಕ್ಸ್ ಅಲ್ಲ.

ಭಾಲ್ಕಿ ಕಾಕಾ
ಪರದೇಶದ ಪ್ಯಾಕೇಜಿನ ಮ್ಯಾಲ ಹಿಡಿದ ಟಿಸಿಎಸ್ ತೆರಿಗಿ, ಆದಾಯ ತೆರಿಗಿ ರಿಟರ್ನ್ ತುಂಬಿ ವಾಪಸ್ ಕೇಳಬಹುದು ಅನ್ನೋದು ನಿನಗ ಗೊತ್ತದೇನು? ಸುಮ್ಮ ಮಾತಾಡಬ್ಯಾಡ.

ಜೇವರ್ಗಿ ಅಕ್ಕ
ರೊಟ್ಟಿ ಬಗ್ಗೆ ಯಾರೂ ಹೇಳಲಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಡಬ್ಬಿಗಟ್ಲೆ ಕಟ್ಕೊಂಡು ಹೋಗಬ್ಯಾಡ್ರಿ. ಹೊರಗಿನ ಅಡಿಗಿ ಒಳಗ ಬಿಡಂಗಿಲ್ಲ. ಸ್ಕ್ಯಾನಿಂಗ್‌ನ್ಯಾಗ ಕರೆಂಟ್ ಕೆಟಲ್, ಇಸ್ತ್ರಿ, ಇಂಡಕ್ಷನ್ ಒಲಿ, ಎಕ್ಸ್‌ಟೆನ್ಷನ್ ಬೋರ್ಡ್ ಎಲ್ಲಾ ತಗೀತಾರ, ಹಡಗಿನ್ಯಾಗ ಬೆಂಕಿದೇ ದೊಡ್ಡ ಅಂಜಿಕಿ. ಅಪ್ಪನ ಎಲಿ-ಅಡಕಿ ಚೀಲದಾಗಿನ ಅಡಕತ್ತರಿ ಮನ್ಯಾಗೇ ಇಡ್ರಿ, ಅಡಕಿ ಹೋಳು ಮಾಡಿಕೊಂಡು ಒಯ್ರಿ. ಗುಳಗಿ ಎಲ್ಲಾ ಡಾಕ್ಟರ್ ಚೀಟಿ ಜೊತಿ ಕೈಚೀಲದಾಗ. ದೊಡ್ಡ ಬ್ಯಾಗಿಗಿ ಟ್ಯಾಗ್ ಹಚ್ಚಿ ಕೊಟ್ಟಮ್ಯಾಲ ಅದು ಕೋಣಿಗಿ ಬರೋದು ಸಂಜಿಗೇ.

ಸ್ಟೇಷನ್ ಬಜಾರ್
ರೊಟ್ಟಿ ಒಯ್ದವರು ಅದಾರ, ಬಿಟ್ಟಾರ.

ಜೇವರ್ಗಿ ಅಕ್ಕ
ಯಾರನ್ನೋ ಬಿಟ್ಟಾರಂತ ಇವರಿಗಿ ಹೇಳಿ ಕೊಡಬ್ಯಾಡ್ರಿ. ಗೇಟಿನ್ಯಾಗ ಡಬ್ಬಿ ಬಿಚ್ಚಿ ಕೂಡೋರು ಅವರು, ನೀವಲ್ಲ.

ತೊಗರಿಕಣಜ
ಜಗಳ ಬ್ಯಾಡ್ರಿ. ಒಂದು ದಿನ ಮೊದಲೇ ಹೋಗೋಣ ಅಂತ ಮನ್ಯಾಗ ಮಾತಾಗ್ಯದ. ಗೋವಾದಾಗ ಇಳದ್ರ ಮೀನಿನ ಊಟ ಎಲ್ಲಿ?

ಯಾದಗಿರಿ ಕೋಟೆ
ಹಡಗು ನಿಲ್ಲುವುದು ಮುರ್ಮಗೋವಾ ಬಂದರಿನಲ್ಲಿ. ಪಣಜಿ ಅಲ್ಲಿಂದ ಸುಮಾರು 30 ಕಿ.ಮೀ. ಬಂದರಿನ ಬಾಗಿಲಲ್ಲಿ ಟ್ಯಾಕ್ಸಿಯವರು ಹೇಳಿದ್ದೇ ದರ. ಪಣಜಿಗೆ ಓಡಿದರೆ ದಿನವೆಲ್ಲ ರಸ್ತೆಯಲ್ಲೇ ಕಳೆಯುತ್ತದೆ. ವಾಸ್ಕೋ ಪಕ್ಕದಲ್ಲೇ ಇದೆ, ಅಲ್ಲಿನ ಅನಂತಾಶ್ರಮದಲ್ಲಿ ಮೀನಿನ ಥಾಲಿ ಉಂಡು ಬನ್ನಿ.

ಮುಂಬೈಗೆ ಹೀಗೆ ಮಾಡಿ. ಶನಿವಾರ ಸಂಜೆ ಕಲಬುರಗಿ ಬಿಡಿ. ಭಾನುವಾರ ಬೆಳಗ್ಗೆ ಟ್ಯಾಕ್ಸಿಯಲ್ಲೇ ಮಾಟುಂಗಾ, ಮೆಗಾ ಬ್ಲಾಕ್‌ನ ಗೊಡವೆ ಬೇಡ. ಕೆಫೆ ಮದ್ರಾಸ್‌ನಲ್ಲಿ ತಿಂಡಿ, ಮೆಟ್ಟಿಲಿನ ಗೋಳಿಲ್ಲ. ಸೋಮವಾರ ಕೋಣೆ ಖಾಲಿ ಮಾಡಿ, ದೊಡ್ಡ ಬ್ಯಾಗುಗಳನ್ನು ಲಾಡ್ಜಿನಲ್ಲೇ ಬಿಟ್ಟು ಫೋರ್ಟ್‌ನಲ್ಲಿ ಬೇಗ ಊಟ. ಒಂದೂವರೆಗೆ ಬಂದರಿನ ಗೇಟಿನಲ್ಲಿರಿ. ಟಿಕೆಟ್ಟಿನಲ್ಲಿ ಯಾವ ಗೇಟ್ ಎಂದು ಬರೆದಿದೆಯೋ ಅದನ್ನೇ ಹೇಳಿ. ಆ್ಯಪ್‌ನ ಕಾರುಗಳು ಬೇರೆ ಗೇಟಿಗೆ ಒಯ್ದು ನಿಲ್ಲಿಸಿದರೆ ಸೂಟ್‌ಕೇಸ್ ಎಳೆಯುತ್ತ ಗೋಡೆ ಸುತ್ತಬೇಕು. ದಕ್ಷಿಣ ಮುಂಬೈಗೆ ಆಟೊ ಬರುವುದಿಲ್ಲ. ಕಪ್ಪು-ಹಳದಿ ಟ್ಯಾಕ್ಸಿಗೆ ಫೆಬ್ರವರಿ 2025ರಿಂದ ಕನಿಷ್ಠ ದರ 31 ರೂಪಾಯಿ, ಮೊದಲ ಒಂದೂವರೆ ಕಿ.ಮೀ.ಗೆ. ಸಾಮಾನಿಗೆ ಬೇರೆ.

ಸ್ಟೇಷನ್ ಬಜಾರ್
ನಾನು ಹೇಳಿದ್ದೇ ಹೇಳಿದಿ, ಮಾಟುಂಗಾ ಮತ್ತ ಒಂದು ದಿನ ಮೊದಲ. ನಡುವ ನನಗೇ ಬೈದಿ. ಮ್ಯಾಲ ಒಂದು ರಾತ್ರಿ ಲಾಡ್ಜಿನ ಖರ್ಚು ಯಾಕ? ಸಿಎಸ್‌ಎಂಟಿಯಾಗ ಸಾಮಾನು ಇಡೋ ಕ್ಲೋಕ್ ರೂಮ್ ಅದ.

ಯಾದಗಿರಿ ಕೋಟೆ
ಮೊಣಕಾಲು ನೋವಿನ ತಾಯಿಯನ್ನು ರಾತ್ರಿ ಕ್ಲೋಕ್ ರೂಮಿನಲ್ಲಿ ಇಡುತ್ತೀರಾ? ಮತ್ತೆ, ಅಲ್ಲಿ ಬೀಗ ಹಾಕದ ಬ್ಯಾಗು ತೆಗೆದುಕೊಳ್ಳುವುದಿಲ್ಲ, ಟಿಕೆಟ್ಟೂ ಗುರುತಿನ ಚೀಟಿಯೂ ಕೇಳುತ್ತಾರೆ. ಹಗ್ಗ ಕಟ್ಟಿದ ರಟ್ಟಿನ ಡಬ್ಬಿ ಒಯ್ದರೆ ವಾಪಸ್ ಕಳಿಸುತ್ತಾರೆ.

ಭಾಲ್ಕಿ ಕಾಕಾ
ನೀವಿಬ್ಬರೂ ಬಡಿದಾಡೋದ್ರಾಗ ಟಿಕೆಟ್ ಹೋಗ್ತಾವು. ಹಡಗು ಆರು ತಿಂಗಳ ಮೊದಲ ಬುಕ್ ಆಗ್ತದ, ರೈಲು 60 ದಿನ ಮೊದಲ ಅಷ್ಟೇ ತೆಗಿತದ. ಶನಿವಾರದ ಹುಸೇನ್‌ಸಾಗರ್‌ಗೆ 60ನೇ ದಿನ ಯಾವುದು ಅಂತ ಎಣಿಸಿ, ಅವತ್ತು ಬೆಳಿಗ್ಗೆ 8ಕ್ಕ ಕುಂದರ್ರಿ. ಲೋವರ್ ಬರ್ತ್ ಬೇಕಂದ್ರ ಅಪ್ಪ-ಅವ್ವಂದು ಒಂದು ಟಿಕೆಟ್, ನಿಮ್ಮಿಬ್ಬರದು ಬ್ಯಾರೆ. ನಾಕೂ ಹೆಸರು ಒಂದರಾಗೇ ಹಾಕಿದ್ರ ಹಿರಿಯರ ಕೋಟಾ ಸಿಗಂಗಿಲ್ಲ.