ಪಿಎಚ್‌ಡಿ ಇಂಗ್ಲೆಂಡಿನಲ್ಲಿ, ಸಂದರ್ಶನ ಯಾದಗಿರಿಯಲ್ಲಿ: ಭಾರತದ ಎಥಿಕ್ಸ್ ಕಮಿಟಿಯ ಒಪ್ಪಿಗೆಯೂ ಬೇಕಾ?

ಶಹಾಪುರದವಳು:
ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದೇನೆ. ಸರ್ಕಾರ ಪುಕ್ಕಟೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಗರ್ಭಿಣಿಯರು ಅರ್ಧಕ್ಕೇ ಯಾಕೆ ಬಿಡುತ್ತಾರೆ ಅನ್ನುವುದು ನನ್ನ ವಿಷಯ. ಯಾದಗಿರಿ ಜಿಲ್ಲೆಯ ಹಳ್ಳಿಗಳಲ್ಲಿ ಅವರನ್ನು ಮಾತಾಡಿಸಬೇಕು. ರಕ್ತ ತೆಗೆಯುವುದಿಲ್ಲ, ಔಷಧಿ ಕೊಡುವುದಿಲ್ಲ. ಬರೀ ಮಾತು, ಅದರ ರೆಕಾರ್ಡಿಂಗ್, ಅಷ್ಟೇ.

ಸಂಶೋಧನೆಯಿಂದ ಜನರಿಗೆ ತೊಂದರೆ ಆಗದ ಹಾಗೆ ನೋಡಿಕೊಳ್ಳುವ ನನ್ನ ವಿಶ್ವವಿದ್ಯಾಲಯದ ಎಥಿಕ್ಸ್ ಕಮಿಟಿ ನನ್ನ ಅರ್ಜಿಯನ್ನು ಕೂಲಂಕಷವಾಗಿ ನೋಡಿ ಒಪ್ಪಿದೆ. ಆದರೆ ಒಂದು ಷರತ್ತು ಹಾಕಿದೆ: ಭಾರತದ ಒಂದು ಕಮಿಟಿಯೂ ಒಪ್ಪಬೇಕು. ಅಲ್ಲಿಯವರೆಗೆ ಒಬ್ಬರನ್ನೂ ಮಾತಾಡಿಸುವ ಹಾಗಿಲ್ಲ. ನಾನು ಆ ಊರಿನವಳೇ. ಅವರ ಮಾತು, ಮನೆ, ಕಷ್ಟ ಎಲ್ಲ ಗೊತ್ತು. ಮತ್ತೆ ಎರಡನೇ ಒಪ್ಪಿಗೆ ಯಾಕೆ? ಜಿಲ್ಲಾ ಆರೋಗ್ಯಾಧಿಕಾರಿಯ (ಡಿಎಚ್‌ಒ) ಕಚೇರಿಯ ಪತ್ರ ಸಾಕಾಗುವುದಿಲ್ಲವೇ? ಯಾರನ್ನು ಕೇಳಬೇಕು ಅಂತಲೂ ತಿಳಿಯುತ್ತಿಲ್ಲ. ದಾರಿ ಗೊತ್ತಿದ್ದವರು ದಯವಿಟ್ಟು ಹೇಳಿ.

ಕಮಿಟಿಯ ವಕೀಲೆ, ಬೆಂಗಳೂರು:
ನೋಡಮ್ಮ, ಡಿಎಚ್‌ಒ ಪತ್ರ ಬೇಕು, ಆದರೆ ಅದು ಬೇರೆ. ಅವರು ಕೊಡುವುದು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ (ಪಿಎಚ್‌ಸಿ) ಹೋಗಲು, ಸಿಬ್ಬಂದಿಯನ್ನು ಕಾಣಲು ಅನುಮತಿ. ನಿಮ್ಮ ಪ್ರಶ್ನೆಗಳಿಂದ ಆ ಹೆಣ್ಣುಮಕ್ಕಳಿಗೆ ತೊಂದರೆ ಆಗುತ್ತದಾ ಅಂತ ನೋಡುವುದು ಎಥಿಕ್ಸ್ ಕಮಿಟಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಬರೀ ಔಷಧ ಪ್ರಯೋಗಕ್ಕಲ್ಲ, ಆರೋಗ್ಯದ ಬಗ್ಗೆ ಜನರನ್ನು ಕೇಳುವ ಅಧ್ಯಯನಕ್ಕೂ ಅನ್ವಯಿಸುತ್ತದೆ.

ನಾನು ಇಂಥ ಒಂದು ಕಮಿಟಿಯಲ್ಲಿ ಕಾನೂನಿನ ಸದಸ್ಯೆ. ಹೊರದೇಶದಲ್ಲಿ ಒಪ್ಪಿಗೆ ಸಿಕ್ಕಿ ಬಂದ ಅರ್ಜಿಗಳು ನಮ್ಮ ಮುಂದೆ ಬರುತ್ತವೆ. ಅಲ್ಲಿನವರು ಶ್ರದ್ಧೆಯಿಂದಲೇ ನೋಡಿರುತ್ತಾರೆ. ಆದರೂ ಅಲ್ಲಿ ಕುಳಿತು ಕಾಣದ ವಿಷಯಗಳು ಇರುತ್ತವೆ. ನಿಮ್ಮ ಅರ್ಜಿ ನನ್ನ ಮೇಜಿಗೆ ಬಂದರೆ ಮೊದಲು ಕೇಳುವುದು ಇದನ್ನೇ: ನಿಮ್ಮೆದುರು ಕೂತ ಗರ್ಭಿಣಿಗೆ ಹದಿನೇಳು ವರ್ಷ ಅಂತ ಗೊತ್ತಾದರೆ ಏನು ಮಾಡುತ್ತೀರಿ?

ನಿಮ್ಮ ಸಮ್ಮತಿ ಪತ್ರದಲ್ಲಿ 'ನೀವು ಹೇಳಿದ್ದನ್ನು ಯಾರಿಗೂ ಹೇಳುವುದಿಲ್ಲ' ಎಂದು ಇರಬಹುದು. ಆದರೆ ನಮ್ಮಲ್ಲಿ 2012ರ ಪೋಕ್ಸೋ ಕಾಯ್ದೆ ಇದೆ. ಅದರ 19ನೇ ಸೆಕ್ಷನ್ ಪ್ರಕಾರ ಹದಿನೆಂಟು ತುಂಬದವರ ಮೇಲೆ ಲೈಂಗಿಕ ಅಪರಾಧ ನಡೆದಿದೆ ಅಂತ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. ತಿಳಿಸದಿದ್ದರೆ ಅದೇ ಅಪರಾಧ. ಮದುವೆ ಆಗಿದೆ ಅನ್ನುವುದು ನೆಪವಲ್ಲ. ಹದಿನೆಂಟರೊಳಗಿನ ಹೆಂಡತಿಯ ಜೊತೆಗಿನ ಸಂಭೋಗವೂ ಅತ್ಯಾಚಾರವೇ ಎಂದು 2017ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅಂದರೆ ಗುಟ್ಟು ಕಾಯುತ್ತೇನೆ ಅಂತ ನೀವು ಕೊಟ್ಟ ಮಾತನ್ನು ಕಾನೂನೇ ಉಳಿಸಿಕೊಳ್ಳಲು ಬಿಡುವುದಿಲ್ಲ. ನಿಮ್ಮನ್ನು ನಂಬಿ ವಯಸ್ಸು ಹೇಳಿದ ಹುಡುಗಿಯ ಗಂಡ ಜೈಲಿಗೆ ಹೋಗಬಹುದು. ಅವಳ ಸಂಸಾರ ಬೀದಿಗೆ ಬರಬಹುದು. ಇದನ್ನು ಮೊದಲೇ ಯೋಚಿಸದೆ ಹಳ್ಳಿಗೆ ಕಾಲಿಡಬಾರದು, ಅಲ್ವಾ?

ಇನ್ನು ಹಣ. ಅಲ್ಲಿ ಸಂದರ್ಶನಕ್ಕೆ ಹತ್ತು ಪೌಂಡಿನ ವೋಚರ್ ಕೊಡುವುದು ಸಾಮಾನ್ಯ. ಇಲ್ಲಿ ಅದು ಸಾವಿರ ರೂಪಾಯಿಗೂ ಜಾಸ್ತಿ. 2025–26ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಅಷ್ಟು ಹಣ ಕಂಡರೆ ಅವಳಿಗೆ ಇಷ್ಟವಿಲ್ಲದಿದ್ದರೂ ಮನೆಯವರೇ ಕಳಿಸುತ್ತಾರೆ. ಬಸ್ಸಿನ ಖರ್ಚು, ತಪ್ಪಿದ ಕೂಲಿ ಇಷ್ಟು ಕೊಡಿ. ಹಾಗೆಯೇ ದೂರು ಹೇಳಲು ಇಂಗ್ಲೆಂಡಿನ ಇಮೇಲ್ ಹಾಕಿದ್ದರೆ ತೆಗೆದು, ಕನ್ನಡದಲ್ಲಿ ಉತ್ತರ ಕೊಡುವ ಒಬ್ಬರ ಸ್ಥಳೀಯ ನಂಬರ್ ಹಾಕಿ. ಮನೆಯಲ್ಲಿ ಹೊಡೆತ ತಿನ್ನುತ್ತಿದ್ದೇನೆ ಅಂತ ಯಾರಾದರೂ ಅತ್ತರೆ ಎಲ್ಲಿಗೆ ಕಳಿಸಬೇಕು ಅನ್ನುವುದೂ ಬರೆದಿರಲಿ. 181 ಮಹಿಳಾ ಸಹಾಯವಾಣಿ ಇದೆ, ನೊಂದ ಹೆಣ್ಣುಮಕ್ಕಳಿಗೆ ನೆರವಾಗುವ ಸಖಿ ಕೇಂದ್ರ ಇದೆ.

ಯಾರನ್ನು ಕೇಳಬೇಕು ಅಂದಿರಿ. ಇಲ್ಲಿನ ಮೆಡಿಕಲ್ ಕಾಲೇಜು ಅಥವಾ ಸಂಶೋಧನಾ ಸಂಸ್ಥೆಯ ಒಬ್ಬರನ್ನು ಸಹ ಸಂಶೋಧಕರಾಗಿ ಸೇರಿಸಿಕೊಳ್ಳಿ. ಅವರ ಸಂಸ್ಥೆಯ ಕಮಿಟಿಗೆ ಅರ್ಜಿ ಹಾಕಿ. ದುಡ್ಡು ತೆಗೆದುಕೊಂಡು ಬೇಗ ಮಾಡಿಕೊಡುತ್ತೇವೆ ಅನ್ನುವವರು ಸಿಕ್ಕರೆ ಆ ಕಮಿಟಿ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ, ಅಂದರೆ ಡಿಎಚ್‌ಆರ್‌ನಲ್ಲಿ, ನೋಂದಣಿ ಆಗಿದೆಯಾ ನೋಡಿ. ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗಗಳ 2019ರ ನಿಯಮಗಳಲ್ಲಿ ಅದು ಕಡ್ಡಾಯ. ಹೊರದೇಶದ ಹಣ ಅಥವಾ ಸಹಭಾಗಿತ್ವ ಇದ್ದರೆ ಐಸಿಎಂಆರ್ ನೋಡಿಕೊಳ್ಳುವ ಎಚ್‌ಎಂಎಸ್‌ಸಿ, ಅಂದರೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆಯ ಪ್ರಶ್ನೆಯೂ ಬರುತ್ತದೆ. ನಿಮ್ಮದು ಅದರೊಳಗೆ ಬರುತ್ತದಾ ಅಂತ ಐಸಿಎಂಆರ್‌ಗೇ ಬರೆದು ಕೇಳಿ, ಅವರ ಉತ್ತರವನ್ನು ಫೈಲಿನಲ್ಲಿ ಇಟ್ಟುಕೊಳ್ಳಿ.

ನೈರೋಬಿಯಿಂದ:
ಇದು ಭಾರತದ್ದು ಮಾತ್ರ ಅಂದುಕೊಳ್ಳಬೇಡಿ. ಕೀನ್ಯಾದಲ್ಲೂ ಹೊರಗಿನ ವಿಶ್ವವಿದ್ಯಾಲಯದ ಒಪ್ಪಿಗೆ ಒಂದೇ ನಡೆಯುವುದಿಲ್ಲ. ನಾಕೋಸ್ಟಿ ಎಂಬ ಸರ್ಕಾರಿ ಆಯೋಗ ಮಾನ್ಯ ಮಾಡಿದ ಇಲ್ಲಿನ ಕಮಿಟಿ ಒಪ್ಪಬೇಕು. ಆಮೇಲೆ ನಾಕೋಸ್ಟಿಯ ಲೈಸೆನ್ಸ್. ಅದನ್ನು ಹಿಡಿದು ಕೌಂಟಿ ಕಚೇರಿಗೆ ಹೋಗಬೇಕು. ವೈದ್ಯಕೀಯ ಸಂಶೋಧನೆಯ ನೀತಿ ಹೇಳುವ ಅಂತರರಾಷ್ಟ್ರೀಯ ಹೆಲ್ಸಿಂಕಿ ಘೋಷಣೆಯ 2024ರ ಪರಿಷ್ಕರಣೆ ಕೂಡ ಪ್ರಾಯೋಜಕ ದೇಶ, ನಡೆಯುವ ದೇಶ ಎರಡರ ಕಮಿಟಿಯೂ ಒಪ್ಪಬೇಕು ಎನ್ನುತ್ತದೆ.

ಮೊದಲು ಸಂದರ್ಶನ, ಆಮೇಲೆ ಕಾಗದ ಅನ್ನುವ ಯೋಚನೆಯನ್ನಂತೂ ಮಾಡಬೇಡಿ. ನೈಜೀರಿಯಾದ ಕಾನೋದಲ್ಲಿ 1996ರಲ್ಲಿ ಫೈಜರ್ ಮಕ್ಕಳ ಮೇಲೆ ಟ್ರೋವಾನ್ ಔಷಧಿ ಪ್ರಯೋಗ ಮಾಡಿತು. ಆಸ್ಪತ್ರೆಯ ಎಥಿಕ್ಸ್ ಕಮಿಟಿಯ ಒಪ್ಪಿಗೆ ಪತ್ರ ಅಂತ ತೋರಿಸಿದ್ದು ಆಮೇಲೆ ಹಿಂದಿನ ದಿನಾಂಕ ಹಾಕಿ ಮಾಡಿದ್ದು ಎಂದು ಅಲ್ಲಿನ ವೈದ್ಯರೇ ಹೇಳಿದರು. ಆ ಹೊತ್ತಿಗೆ ಆ ಆಸ್ಪತ್ರೆಯಲ್ಲಿ ಕಮಿಟಿಯೇ ಇರಲಿಲ್ಲ.

ಆಶಾ, ಯಾದಗಿರಿ ಜಿಲ್ಲೆ:
ಮೇಡಂ, ನನಗೆ ಈ ಕಮಿಟಿಗಳ ವಿಷಯ ಜಾಸ್ತಿ ತಿಳಿಯದು. ಆದರೆ ಹೊರಗಿನಿಂದ ಬಂದವರೆಲ್ಲ ಮೊದಲು ನಮ್ಮನ್ನೇ ಹುಡುಕುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಜೊತೆಗೆ ನಿಂತು 'ಇವರಿಗೆ ಸ್ವಲ್ಪ ಹೇಳವ್ವ' ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ. ತಾಯಿ ಕಾರ್ಡ್ ಮಾಡಿಸಿದವಳು ನಾನು, ಹೆರಿಗೆಗೆ ಕರೆದುಕೊಂಡು ಹೋಗುವವಳೂ ನಾನು. ನನ್ನ ಮಾತು ತೆಗೆದುಹಾಕಲು ಅವರಿಗೆ ಆಗುವುದಿಲ್ಲ. ಮಾತ್ರೆ ಕೊಡುವವಳೂ ನಾನೇ. ನನ್ನ ಮುಂದೆ 'ನುಂಗಲಿಲ್ಲ' ಅಂತ ಹೇಗೆ ಹೇಳುತ್ತಾರೆ? ಮನೆಯಲ್ಲಿ ಕೇಳಿದರೆ ಅತ್ತೆ ಪಕ್ಕದಲ್ಲೇ ಕೂತಿರುತ್ತಾರೆ. 9ನೇ ತಾರೀಕಿನ ತಪಾಸಣೆ ದಿನ ಪಿಎಚ್‌ಸಿಗೆ ಬರಬೇಡಿ. ಅವತ್ತು ಗದ್ದಲ, ಹಸಿವು, ಕಾದು ಕಾದು ಸುಸ್ತಾಗಿರುತ್ತಾರೆ.

ನಾನು ವಿಷಯ ತಿಳಿಸಿ ಹೋಗಿಬಿಡುತ್ತೇನೆ. ಬರುತ್ತೀಯಾ ಇಲ್ಲವಾ ಅಂತ ನೀವೇ ಕೇಳಿ. ಯಾರು ಬಂದರು, ಯಾರು ಬರಲಿಲ್ಲ ಅಂತ ನನಗೆ ಹೇಳಬೇಡಿ.

ಶಹಾಪುರದವಳು:
ಅಕ್ಕ, ನೀವು ಹೇಳಿದ ಕೊನೆಯ ಮಾತನ್ನು ಹಾಗೆಯೇ ಅರ್ಜಿಯಲ್ಲಿ ಸೇರಿಸುತ್ತೇನೆ. ತುಂಬಾ ಥ್ಯಾಂಕ್ಸ್. ವಕೀಲ ಮೇಡಂ, ಹದಿನೆಂಟು ತುಂಬಿದವರನ್ನು ಮಾತ್ರ ಸೇರಿಸುತ್ತೇನೆ ಅಂತ ಬರೆದರೆ ಸಾಕಾ? ತಾಯಿ ಕಾರ್ಡಿನಲ್ಲಿ ಹತ್ತೊಂಬತ್ತು ಅಂತ ಇದ್ದು, ಮಾತಿನ ನಡುವೆ ನಿಜ ಹೊರಬಂದರೆ? ಇಂಗ್ಲೆಂಡಿನ ಕಮಿಟಿ ಗುಟ್ಟು ಕಾಯಬೇಕು ಅಂತ ಒತ್ತಿ ಹೇಳಿದೆ.

ಕಮಿಟಿಯ ವಕೀಲೆ, ಬೆಂಗಳೂರು:
ಹದಿನೆಂಟರ ಮಿತಿ ಹಾಕಿ, ಆದರೆ ಅಷ್ಟೇ ಸಾಲದು. ಕೆಲಸ ನಡೆಯುವ ನೆಲದ ಕಾನೂನಿಗೆ ನೀವು ಒಳಪಡುತ್ತೀರಿ. ಹಾಗಾಗಿ 'ಯಾರಿಗೂ ಹೇಳುವುದಿಲ್ಲ' ಅಂತ ಪೂರ್ತಿ ಭರವಸೆ ಕೊಡಬೇಡಿ. ಯಾವ ಸಂದರ್ಭದಲ್ಲಿ ಹೇಳಲೇಬೇಕಾಗುತ್ತದೆ ಎಂಬುದನ್ನು ರೆಕಾರ್ಡರ್ ಆನ್ ಮಾಡುವ ಮೊದಲೇ ಅವಳಿಗೆ ಅರ್ಥವಾಗುವ ಹಾಗೆ ತಿಳಿಸಿ. ಆಗ ಮಾತಾಡಬೇಕಾ ಬೇಡವಾ ಅನ್ನುವುದು ಅವಳ ಕೈಯಲ್ಲಿ ಇರುತ್ತದೆ. ಮದುವೆ ಯಾವಾಗ ಆಯಿತು, ಆಗ ಎಷ್ಟು ವಯಸ್ಸು ಎನ್ನುವ ಪ್ರಶ್ನೆಗಳು ನಿಮ್ಮ ಪಟ್ಟಿಯಲ್ಲಿ ಇದ್ದರೆ ತೆಗೆಯಿರಿ. ಮಾತ್ರೆಯ ವಿಷಯಕ್ಕೆ ಅವು ಬೇಕಿಲ್ಲ. ಅಷ್ಟಾದರೂ ಗೊತ್ತಾದರೆ ಮಾತು ನಿಲ್ಲಿಸಿ ಯಾರಿಗೆ ಫೋನ್ ಮಾಡಬೇಕು, ಹುಡುಗಿಯ ಜೊತೆ ಯಾರು ನಿಲ್ಲುತ್ತಾರೆ ಎಂಬುದನ್ನು ಅರ್ಜಿಯಲ್ಲೇ ಬರೆಯಿರಿ.

ಇಲ್ಲಿನ ಕಮಿಟಿ ತಿದ್ದಿದ ಸಮ್ಮತಿ ಪತ್ರವನ್ನು ಮತ್ತೆ ಇಂಗ್ಲೆಂಡಿನ ಕಮಿಟಿಗೆ ಕಳಿಸಿ, ತಿದ್ದುಪಡಿಗೂ ಒಪ್ಪಿಗೆ ಪಡೆಯಿರಿ. ಎರಡೂ ಒಪ್ಪಿಗೆ ಪತ್ರಗಳಲ್ಲಿ ಸಮ್ಮತಿ ಪತ್ರದ ಆವೃತ್ತಿ ಮತ್ತು ದಿನಾಂಕ ಒಂದೇ ಇರಬೇಕು. ಅದನ್ನು ಖಚಿತ ಮಾಡಿಕೊಂಡ ಮೇಲೆಯೇ ಟಿಕೆಟ್ ಬುಕ್ ಮಾಡಿ.